ಮೊರೆಗೆ ಓಗೊಡುವ ದೇವರು: ಸಂಕಟಕಾಲದ ಪ್ರಾರ್ಥನೆ ಮತ್ತು ಶರಣರ ನಿಲುವು

ಪ್ರಾರ್ಥನೆ ಎಂಬ ಸಂಸ್ಕೃತ ಶಬ್ದಕ್ಕೆ ಬೇಡುವುದು, ಯಾಚಿಸುವುದು ಎಂದು ಅರ್ಥ. ಅದೇ ಅರ್ಥದ ಸುತ್ತ ಕನ್ನಡದಲ್ಲಿ ಹಲವು ನುಡಿಗಳು ಬಳಕೆಯಲ್ಲಿವೆ: ಬೇಡಿಕೆ, ಬಿನ್ನಹ, ಹರಕೆ, ಮೊರೆ. ಮೇಲ್ನೋಟಕ್ಕೆ ಇವು ಸಮಾನಾರ್ಥಕಗಳಂತೆ ತೋರಿದರೂ ಇವುಗಳ ನಡುವೆ ಸೂಕ್ಷ್ಮವಾದ ಅಂತರವುಂಟು. ಹರಕೆಯಲ್ಲಿ ಒಂದು ಕರಾರು ಅಡಗಿದೆ. ಮಗುವಿನ ಜ್ವರ ಇಳಿದರೆ, ಮಳೆ ಬಿದ್ದು ಹೊಲ ಹಸಿರಾದರೆ, ವ್ಯಾಜ್ಯ ಗೆದ್ದರೆ ಇಂಥದನ್ನು ಸಲ್ಲಿಸುವೆನೆಂದು ಭಕ್ತನು ದೇವರೊಡನೆ ಮಾತು ಮಾಡಿಕೊಳ್ಳುತ್ತಾನೆ. ಮೊರೆಯಲ್ಲಿ ಅಂಥ ಕರಾರಿಲ್ಲ. ಮೊರೆಯಿಡುವುದೆಂದರೆ ಗೋಳಿಟ್ಟು ಕೂಗುವುದು, ಮೊರೆಹೊಗುವುದೆಂದರೆ ಶರಣಾಗತನಾಗುವುದು. ಕೂಗು ಮತ್ತು ಆಶ್ರಯವೆಂಬ ಎರಡು ಭಾವಗಳನ್ನು ಕನ್ನಡವು ಒಂದೇ ಪದದಲ್ಲಿ ಇರಿಸಿದೆ. ಕೂಗಿದವನು ಕೂಗಿದ ಆ ಕ್ಷಣದಲ್ಲಿಯೇ ಒಂದು ನೆರಳಿನೊಳಗೆ ಕಾಲಿಟ್ಟಿದ್ದಾನೆಂಬ ಧ್ವನಿ ಈ ಪದದಲ್ಲಿದೆ.

ಸುಖದ ದಿನಗಳಲ್ಲಿ ಈ ಅಂತರ ಯಾರನ್ನೂ ಬಾಧಿಸುವುದಿಲ್ಲ. ಸಂಕಟ ಒದಗಿದಾಗಲೇ ಅದರ ಮಹತ್ವ ತಿಳಿಯುವುದು. ರೋಗಿಯ ಹಾಸಿಗೆಯ ಬಳಿ ಕುಳಿತ ತಾಯಿ, ಎರಡು ವರ್ಷ ಮಳೆ ಕಾಣದ ರೈತ, ಸಾಲಗಾರನ ಬಾಗಿಲಿಗೆ ಅಂಜಿ ಬಾಳುವ ಗೃಹಸ್ಥ, ಇವರೆಲ್ಲರೂ ದೇವರಲ್ಲಿ ಮೊರೆಯಿಡುತ್ತಾರೆ. ಕೆಲವರ ಇಷ್ಟಾರ್ಥ ನೆರವೇರುತ್ತದೆ, ಹಲವರದು ನೆರವೇರುವುದಿಲ್ಲ. ನೆರವೇರದಿದ್ದಾಗ ಎರಡು ಪ್ರಶ್ನೆಗಳು ಏಳುತ್ತವೆ: ದೇವರು ಕೇಳಲಿಲ್ಲವೆ? ಅಥವಾ ಮೊರೆಯಿಟ್ಟವನ ನಂಬಿಕೆಯೇ ಸಾಲದಾಯಿತೆ? ಮೊದಲನೆಯ ಪ್ರಶ್ನೆ ನಾಸ್ತಿಕ್ಯಕ್ಕೆ ಎಡೆಗೊಟ್ಟರೆ, ಎರಡನೆಯದು ನೊಂದವನ ಮೇಲೆ ಇನ್ನೊಂದು ಹೊರೆಯನ್ನು ಹೇರುತ್ತದೆ. ಹನ್ನೆರಡನೆಯ ಶತಮಾನದ ಶಿವಶರಣರು ಈ ಸಮಸ್ಯೆಯನ್ನು ಹೇಗೆ ಎದುರಿಸಿದರೆಂಬುದು ವಿಚಾರಾರ್ಹವಾಗಿದೆ. ಅವರು ಕಾಡಿಗೆ ಹೋಗಿ ತಪಸ್ಸು ಮಾಡಿದವರಲ್ಲ. ನೇಯುವವರು, ಹಗ್ಗ ಹೊಸೆಯುವವರು, ಅಂಬಿಗರು, ಅಗಸರು, ಅಂಗಳದ ಅಕ್ಕಿ ಆಯುವವರು. ಕಷ್ಟವೆಂಬುದು ಅವರಿಗೆ ನಿತ್ಯದ ನೆರೆಹೊರೆ.

ಆರ್ತನ ಕೂಗಿಗೆ ಮಾನ್ಯತೆ

ಸಂಕಟದಲ್ಲಿ ದೇವರನ್ನು ನೆನೆಯುವುದು ಕೀಳು ಭಕ್ತಿಯೆಂದು ಹಳಿಯುವ ರೂಢಿ ವಿದ್ವಾಂಸರಲ್ಲಿ ಇಲ್ಲದಿಲ್ಲ. ಆದರೆ ಶಾಸ್ತ್ರವು ಅಷ್ಟು ನಿಷ್ಠುರವಾಗಿಲ್ಲ. ಭಗವದ್ಗೀತೆಯ ಏಳನೆಯ ಅಧ್ಯಾಯವು ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ಭಕ್ತರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಜ್ಞಾನಿಗೆ ಅಗ್ರಸ್ಥಾನವನ್ನಿತ್ತರೂ ನಾಲ್ವರನ್ನೂ ಉದಾರರೆಂದೇ ಕರೆದಿದೆ. ನೊಂದವನು ಆ ಪಂಕ್ತಿಯ ಹೊರಗಿಲ್ಲ.

ಬಸವಣ್ಣನವರ ವಚನಗಳಲ್ಲಿ ಆರ್ತಭಾವದ ವಚನಗಳು ವಿಪುಲವಾಗಿವೆ. ಕೆಸರಿನಲ್ಲಿ ಹೂತುಹೋಗಿ ಯಾರಾದರೂ ಬಂದು ಎತ್ತುವರೆಂದು ನಾಲ್ದೆಸೆಗೂ ಬಾಯಿ ತೆರೆಯುವ ಪಶುವಿಗೆ ಅವರು ತಮ್ಮನ್ನು ಹೋಲಿಸಿಕೊಂಡಿದ್ದಾರೆ. ಕಲಚುರ್ಯ ಬಿಜ್ಜಳನ ಭಂಡಾರಿಯಾಗಿ ಅಧಿಕಾರದ ಎತ್ತರದಲ್ಲಿದ್ದ ಪುರುಷನೊಬ್ಬನು ತನ್ನ ಅಸಹಾಯಕತೆಯನ್ನು ಹೀಗೆ ಬಿಚ್ಚಿಟ್ಟಿರುವುದು ಗಮನಾರ್ಹ. ಅಲ್ಲಿ ವಾದವಿಲ್ಲ, ಸಮರ್ಥನೆಯಿಲ್ಲ. ಎತ್ತುವವನೊಬ್ಬನಿದ್ದಾನೆಂಬ ಎಣಿಕೆಯಷ್ಟೇ ಇದೆ. ಹೀಗಾಗಿ ಮೊರೆಯಿಡುವುದನ್ನು ಶರಣರು ನಿಷೇಧಿಸಿದರೆಂದು ಹೇಳುವುದು ಸರಿಯಲ್ಲ. ಅವರು ಪರೀಕ್ಷೆಗೊಡ್ಡಿದ್ದು ಮೊರೆಯನ್ನಲ್ಲ, ಅದರ ಬೆನ್ನಿಗಿರುವ ನಂಬಿಕೆಯ ಜಾತಿಯನ್ನು.

ಕಷ್ಟ ಬಂದಾಗ ಮನುಷ್ಯನು ಒಂದು ದೇವರಿಂದ ಇನ್ನೊಂದು ದೇವರಿಗೆ ಅಲೆಯುವುದು ಸಾಮಾನ್ಯ. ಒಬ್ಬನು ಕೇಳಲಿಲ್ಲವಾದರೆ ಮತ್ತೊಬ್ಬನಿಗೆ ಹರಕೆ. ಇಂಥ ಅಲೆದಾಟವನ್ನು ಬಸವಣ್ಣನವರು ಕಟುವಾಗಿ ವಿಡಂಬಿಸಿದ್ದಾರೆ. ಹಣದ ಮುಗ್ಗಟ್ಟು ಬಂದಾಗ ಮಾರಾಟಕ್ಕೆ ಒದಗುವ, ಕಳ್ಳರ ಭಯವುಂಟಾದಾಗ ನೆಲದಲ್ಲಿ ಹೂತಿಡಬೇಕಾದ ಲೋಹದ ಮೂರ್ತಿ ಆಪತ್ತಿನಲ್ಲಿ ಯಾರನ್ನು ಕಾದೀತೆಂಬುದು ಅವರ ಪ್ರಶ್ನೆಯ ಸಾರ. ಈ ವಿಡಂಬನೆಯ ಗುರಿ ಕೇವಲ ವಿಗ್ರಹವಲ್ಲ. ಆಪತ್ತು ಬರುವವರೆಗೆ ಪೂಜಿಸಿ, ಆಪತ್ತು ಬಂದೊಡನೆ ಬೆಲೆ ಕಟ್ಟುವ ಮನೋವೃತ್ತಿಯೇ ಅದರ ನಿಜವಾದ ಗುರಿ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಅಡಕವಾಗಿರುವ ಏಕನಿಷ್ಠೆಯ ತತ್ತ್ವ ಇಲ್ಲಿ ಪ್ರಸ್ತುತವಾಗುತ್ತದೆ. ಮನೆಯಲ್ಲಿ ಬಡತನ ಬಂತೆಂದು ಬಾಂಧವ್ಯ ಬದಲಾಗುವುದಿಲ್ಲ. ಬದಲಾದರೆ ಅದು ಬಾಂಧವ್ಯವಾಗಿರಲೇ ಇಲ್ಲ.

ಓಗೊಡುವಿಕೆಯ ಸ್ವರೂಪ

ನಂಬಿ ಕರೆಯುವುದಕ್ಕೂ ನಂಬದೆ ಕರೆಯುವುದಕ್ಕೂ ಇರುವ ಭೇದವನ್ನು ಕುರಿತು ಬಸವಣ್ಣನವರದೊಂದು ಸುಪ್ರಸಿದ್ಧ ವಚನವುಂಟು. ನಾಡಿನ ಮನೆಮನೆಗಳಲ್ಲಿ ಅದು ಹಾಡಾಗಿ ಉಳಿದಿದೆ. ಲೋಕದ ಜನಕ್ಕೆ ನಂಬುವ ಬಗೆ ತಿಳಿಯದು. ನಂಬಿ ಕರೆದವರಿಗೆ ಶಿವನು ಓಗೊಡದಿರುವನೆ ಎಂಬುದು ಅದರ ಭಾವಾರ್ಥ. ಈ ವಚನವನ್ನು ಉದ್ಧರಿಸುವವರು ಹಲವೊಮ್ಮೆ ಅದಕ್ಕೆ ಇಲ್ಲದ ಅರ್ಥವನ್ನು ಹಚ್ಚುತ್ತಾರೆ. ದೃಢವಾಗಿ ನಂಬಿದರೆ ಬೇಡಿದ್ದೆಲ್ಲವೂ ದೊರೆಯುತ್ತದೆ, ದೊರೆಯಲಿಲ್ಲವಾದರೆ ನಂಬಿಕೆಯಲ್ಲಿ ಕೊರತೆಯಿದೆ ಎಂದು ವ್ಯಾಖ್ಯಾನಿಸುತ್ತಾರೆ.

ವಚನದ ಶಬ್ದಗಳನ್ನು ಎಚ್ಚರದಿಂದ ನೋಡಿದರೆ ಅಲ್ಲಿ ಅಂಥ ಆಶ್ವಾಸನೆಯಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಶಿವನು ಕೊಡುವನೆಂದು ಬಸವಣ್ಣನವರು ಹೇಳಿಲ್ಲ; ಓಗೊಡುವನೆಂದಷ್ಟೇ ಹೇಳಿದ್ದಾರೆ. ಓಗೊಡುವುದೆಂದರೆ ಕರೆಗೆ ಪ್ರತಿಯಾಗಿ ದನಿಗೊಡುವುದು. ಕತ್ತಲೆಯಲ್ಲಿ ಎದ್ದ ಮಗು ಹೆದರಿ ತಾಯಿಯನ್ನು ಕೂಗುತ್ತದೆ. ಅಡುಗೆಮನೆಯಿಂದಲೋ ಹಿತ್ತಲಿನಿಂದಲೋ ತಾಯಿ ಮೊದಲು ದನಿಗೊಡುತ್ತಾಳೆ. ಆಕೆ ಇನ್ನೂ ಬಂದಿಲ್ಲ, ದೀಪ ಹಚ್ಚಿಲ್ಲ, ಮಗು ಕೇಳಿದ ವಸ್ತುವನ್ನು ತಂದಿಲ್ಲ. ಆದರೂ ಆ ದನಿ ಕಿವಿಗೆ ಬಿದ್ದೊಡನೆ ಮಗುವಿನ ಭಯ ಅರ್ಧ ಇಳಿಯುತ್ತದೆ. ಬಳಿಕ ತಾಯಿ ಏನು ಕೊಡುವಳೆಂಬುದು ಆಕೆಯ ವಿವೇಕಕ್ಕೆ ಬಿಟ್ಟ ಮಾತು. ಮಗು ಬೆಲ್ಲ ಕೇಳಿದರೆ ಔಷಧವನ್ನೂ ಕೊಡಬಹುದು, ಬರಿಗೈಯಲ್ಲಿ ಬಂದು ಪಕ್ಕದಲ್ಲಿ ಮಲಗಲೂಬಹುದು. ಓಗೊಟ್ಟದ್ದು ಮಾತ್ರ ಸುಳ್ಳಾಗುವುದಿಲ್ಲ.

ಅದೇ ವಚನದ ಕೊನೆಯ ಕಠೋರ ನುಡಿಯೂ ಈ ದೃಷ್ಟಿಯಿಂದಲೇ ಗ್ರಾಹ್ಯವಾಗುತ್ತದೆ. ಅದು ನೊಂದವನನ್ನು ಕುರಿತದ್ದಲ್ಲ. ನಂಬಿಕೆ ನೆಚ್ಚಿಕೆಗಳಿಲ್ಲದೆ ರೂಢಿಗಾಗಿ ನಾಲಗೆಯಿಂದ ಮಾತ್ರ ಕೂಗುವವನನ್ನು ಕುರಿತದ್ದು. ಬಾಧೆಯಲ್ಲಿ ಬಿದ್ದವನ ಕೂಗು ಎಷ್ಟೇ ಒರಟಾಗಿದ್ದರೂ ಬರಿಯ ಕೂಗಲ್ಲ.

ಬೇಡಿದ್ದೊಂದು, ದೊರೆತದ್ದೊಂದು

ಹೀಗೆ ಓಗೊಡುವಿಕೆಗೂ ಬೇಡಿದ್ದನ್ನು ಕೊಡುವುದಕ್ಕೂ ಇರುವ ಅಂತರವನ್ನು ಎರಡು ಶರಣಚರಿತೆಗಳು ಸೊಗಸಾಗಿ ತೋರಿಸುತ್ತವೆ. ಒಂದು ಹರಿಹರ ಕವಿಯ ‘ಬಸವರಾಜದೇವರ ರಗಳೆ’ಯಲ್ಲಿದೆ, ಇನ್ನೊಂದು ಆತನ ಸೋದರಳಿಯ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿದೆ.

ಹರಿಹರನ ಕಥನದಂತೆ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಬಸವಣ್ಣನವರು ಕರ್ಮಮಾರ್ಗವನ್ನು ತೊರೆದು, ಬಾಗೇವಾಡಿಯಿಂದ ಕೃಷ್ಣಾ ಮಲಪ್ರಭೆಯರು ಕೂಡುವ ಸಂಗಮಕ್ಕೆ ಬಂದು ಸಂಗಮೇಶ್ವರನ ಪೂಜೆಯಲ್ಲಿ ನಿರತರಾಗುತ್ತಾರೆ. ಅವರಿಗೆ ಬೇರಾವ ಬಯಕೆಯೂ ಇಲ್ಲ. ಆ ಸನ್ನಿಧಿಯಲ್ಲಿ ಹೂವೆತ್ತಿ ಪತ್ರೆಯೇರಿಸಿ ಬದುಕುವುದಷ್ಟೇ ಬೇಕು. ಆಗ ಸಂಗಮನಾಥನು ಕನಸಿನಲ್ಲಿ ಕಾಣಿಸಿಕೊಂಡು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸುತ್ತಾನೆ. ಬಸವಣ್ಣನವರ ಎದೆ ಒಡೆಯುತ್ತದೆ. ತಂದೆತಾಯಿಗಳಿಲ್ಲದವನಿಗೆ ಸಂಗಮನೇ ತಂದೆ. ಆ ತಂದೆಯೇ ಹೊರಗೆ ಹೋಗೆಂದರೆ ಮಾಡುವುದೇನು? ರಗಳೆಯ ಈ ಭಾಗದಲ್ಲಿ ಬಸವಣ್ಣನವರ ಪ್ರಲಾಪವನ್ನು ಹರಿಹರನು ತಡೆಯಿಲ್ಲದೆ ಹರಿಯಬಿಟ್ಟಿದ್ದಾನೆ. ಅಗಲಿಸಬೇಡವೆಂಬುದೊಂದೇ ಅವರ ಪ್ರಾರ್ಥನೆ.

ಆ ಪ್ರಾರ್ಥನೆ ಈಡೇರಲಿಲ್ಲ. ಹೋಗಲೇಬೇಕೆಂಬ ಆಜ್ಞೆ ಬದಲಾಗಲಿಲ್ಲ. ಆದರೆ ಸಂಗಮನಾಥನು ಮತ್ತೆ ಕನಸಿನಲ್ಲಿ ಬಂದು, ತಾನೂ ಜೊತೆಯಲ್ಲಿ ಬರುವೆನೆಂದು ಸಂತೈಸುತ್ತಾನೆ. ಮರುದಿನ ನಂದಿಯ ಮುಂದೆ ಧ್ಯಾನಿಸುತ್ತಿದ್ದ ಬಸವಣ್ಣನವರ ಕೈಗೆ ನಂದಿಯ ಬಾಯಿಂದ ಲಿಂಗವು ಮೂಡಿಬಂದಿತೆಂದು ಕವಿ ವರ್ಣಿಸುತ್ತಾನೆ. ಈ ಸನ್ನಿವೇಶದ ತಾತ್ತ್ವಿಕ ಮಹತ್ವ ಬಹಳ ದೊಡ್ಡದು. ಬಸವಣ್ಣನವರು ಬೇಡಿದ್ದು ಸ್ಥಾವರದ ಸನ್ನಿಧಿಯಲ್ಲಿ ಉಳಿಯುವ ಭಾಗ್ಯವನ್ನು. ಅದನ್ನು ನಿರಾಕರಿಸಿದ ದೇವನು ತಾನೇ ಗುಡಿಯಿಂದ ಹೊರಬಂದು ಅಂಗೈಯನ್ನು ಸೇರಿದ. ಬೇಡಿದ್ದು ದಕ್ಕಿದ್ದರೆ ಸಂಗಮದಲ್ಲಿ ಒಬ್ಬ ಅರ್ಚಕನಿರುತ್ತಿದ್ದ. ದಕ್ಕದಿದ್ದುದರಿಂದಲೇ ಕಲ್ಯಾಣದ ಮಹಾಮನೆಗೆ ದಾರಿ ತೆರೆಯಿತು.

ಸೊನ್ನಲಿಗೆಯ ಸಿದ್ಧರಾಮರ ಚರಿತೆಯಲ್ಲಿ ಇದೇ ತತ್ತ್ವ ಇನ್ನೊಂದು ರೂಪದಲ್ಲಿ ಗೋಚರಿಸುತ್ತದೆ. ಹೊಲ ಕಾಯುತ್ತಿದ್ದ ಮುಗ್ಧ ಬಾಲಕನ ಬಳಿಗೆ ಜಂಗಮನೊಬ್ಬನು ಬಂದು ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿಕೊಳ್ಳುತ್ತಾನೆ. ಬಾಲಕನು ಕೊಟ್ಟ ತೆನೆಯನ್ನು ತಿಂದು, ಬಳಿಕ ತಂಪಾದ ಊಟವನ್ನು ಬಯಸುತ್ತಾನೆ. ಬಾಲಕನು ಮನೆಗೆ ಓಡಿ ಊಟ ತರುವಷ್ಟರಲ್ಲಿ ಮಲ್ಲಯ್ಯನಿಲ್ಲ. ಊಟದ ಗಂಟನ್ನು ಹಿಡಿದು ಮಲ್ಲಯ್ಯಾ ಎಂದು ಕೂಗುತ್ತ, ಯಾತ್ರಿಕರೊಡನೆ ಶ್ರೀಶೈಲಕ್ಕೆ ನಡೆದುಬಿಡುತ್ತಾನೆ. ಗುಡಿಯ ಲಿಂಗವನ್ನು ತೋರಿಸಿದರೆ ಇವನು ತನ್ನ ಮಲ್ಲಯ್ಯನಲ್ಲವೆನ್ನುತ್ತಾನೆ. ಬೆಟ್ಟದಲ್ಲಿ ಕೂಗಿ ಕೂಗಿ ದಣಿದು, ಓಗೊಡುವವರಿಲ್ಲದೆ ಕೊಳ್ಳಕ್ಕೆ ಹಾರಲು ಹೋದಾಗ ಮಲ್ಲಿನಾಥನು ಪ್ರತ್ಯಕ್ಷನಾಗಿ ಕೈಹಿಡಿಯುತ್ತಾನೆ.

ಕಥೆ ಇಲ್ಲಿಗೆ ನಿಂತಿದ್ದರೆ ಅದು ಒಂದು ಪವಾಡದ ಕಥೆಯಾಗಿ ಉಳಿಯುತ್ತಿತ್ತು. ರಾಘವಾಂಕನು ಅಲ್ಲಿಗೆ ನಿಲ್ಲಿಸುವುದಿಲ್ಲ. ಇಷ್ಟು ಹಂಬಲಿಸಿ ಬಂದ ಬಾಲಕನನ್ನು ಮಲ್ಲಿನಾಥನು ತನ್ನ ಬಳಿ ಇರಿಸಿಕೊಳ್ಳದೆ ಸೊನ್ನಲಿಗೆಗೆ ಹಿಂದಿರುಗಿಸುತ್ತಾನೆ. ಸಿದ್ಧರಾಮರು ಅಲ್ಲಿ ಕೆರೆ ತೋಡಿಸಿದರು, ದೇಗುಲಗಳನ್ನು ಕಟ್ಟಿಸಿದರು, ಹಸಿದವರಿಗೆ ಅನ್ನವಿಕ್ಕಿಸಿದರು. ಈಗಿನ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಗುಡಿಯನ್ನು ಬಳಸಿ ನಿಂತಿರುವ ಕೆರೆ ಅವರ ಸ್ಮಾರಕವಾಗಿದೆ. ಒಬ್ಬ ಬಾಲಕನ ಕೂಗಿಗೆ ದೊರೆತ ಉತ್ತರವು ಒಂದು ಊರಿನ ಬಾಯಾರಿಕೆಯನ್ನು ತಣಿಸಿತು. ಈ ಸತ್ಕಾರ್ಯಗಳೂ ಅಭಿಮಾನಕ್ಕೆ ಕಾರಣವಾಗಬಾರದೆಂದು ಅಲ್ಲಮಪ್ರಭುಗಳು ಮುಂದೆ ಸಿದ್ಧರಾಮರನ್ನು ಎಚ್ಚರಿಸಿ ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗವು ‘ಶೂನ್ಯಸಂಪಾದನೆ’ಯಲ್ಲಿ ಪ್ರಸಿದ್ಧವಾಗಿದೆ.

ಈ ಎರಡು ಚರಿತೆಗಳಲ್ಲಿ ಒಂದು ಸಾಮ್ಯವಿದೆ. ಇಬ್ಬರೂ ದೇವರ ಬಳಿ ಉಳಿಯಬಯಸಿದರು. ಇಬ್ಬರನ್ನೂ ದೇವರು ಜನರ ಬಳಿಗೆ ಕಳುಹಿಸಿದನು. ಸಂಕಟದ ಮೊರೆಗೆ ಉತ್ತರವು ಎಷ್ಟೋ ವೇಳೆ ಒಂದು ಕರ್ತವ್ಯದ ರೂಪದಲ್ಲಿ ಬರುತ್ತದೆಂಬುದನ್ನು ಇವು ಸಾರುತ್ತವೆ.

ಚಿನ್ನ, ಚಂದನ, ಕಬ್ಬು

ಉತ್ತರವು ಕರ್ತವ್ಯದ ರೂಪದಲ್ಲಿಯೂ ಬಾರದೆ, ಕಷ್ಟವೊಂದೇ ಮುಂದುವರಿದರೆ ಏನು? ಈ ಪ್ರಶ್ನೆಗೆ ಶರಣಸಾಹಿತ್ಯದಲ್ಲಿ ಎರಡು ಉತ್ತರಗಳಿವೆ. ಸಾಹಿತ್ಯದ ವಿದ್ಯಾರ್ಥಿಗಳು ಅವನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಓದುವುದು ಪ್ರಯೋಜನಕರ.

ಮೊದಲನೆಯದು ಜೇಡರ ದಾಸಿಮಯ್ಯನದು. ಹರನು ತನ್ನ ಭಕ್ತರನ್ನು ತಿರಿದುಣ್ಣುವ ಸ್ಥಿತಿಗೂ ಇಳಿಸುವನೆಂದು ಹೇಳುವ ವಚನವೊಂದರಲ್ಲಿ ಆತನು ಮೂರು ಉಪಮಾನಗಳನ್ನು ಬಳಸಿದ್ದಾನೆ: ಒರೆಗೆ ಹಚ್ಚಿದ ಚಿನ್ನ, ತೇಯ್ದ ಚಂದನ, ಕತ್ತರಿಸಿದ ಕಬ್ಬು. ಎರಡನೆಯದು ಅಕ್ಕಮಹಾದೇವಿಯದು. ಆಕೆಯ ಒಂದು ವಚನದಲ್ಲಿಯೂ ಇದೇ ಮೂರು ವಸ್ತುಗಳು ಕಾಣಿಸಿಕೊಳ್ಳುತ್ತವೆ. ಇಬ್ಬರ ಉಪಮಾನಗಳೂ ಒಂದೇ ಆಗಿದ್ದರೂ ದೃಷ್ಟಿಕೋನವು ಬೇರೆಯಾಗಿದೆ. ದಾಸಿಮಯ್ಯನು ಪರೀಕ್ಷಕನ ಕಡೆಯಿಂದ ನೋಡುತ್ತಾನೆ. ಅಕ್ಕಸಾಲಿಗನು ಚಿನ್ನವನ್ನು ದ್ವೇಷದಿಂದ ಒರೆಗೆ ಹಚ್ಚುವುದಿಲ್ಲ. ಅದರ ಬೆಲೆಯನ್ನರಿಯಲೆಂದು ಹಚ್ಚುತ್ತಾನೆ. ಹಾಗೆಯೇ ಅಂಜದೆ ನಿಂತ ಭಕ್ತನನ್ನು ರಾಮನಾಥನು ಕೊನೆಗೆ ಕೈಹಿಡಿದು ಎತ್ತಿಕೊಳ್ಳುವನೆಂಬುದು ದಾಸಿಮಯ್ಯನ ಭರವಸೆ. ಇಲ್ಲಿ ಸಂಕಟಕ್ಕೆ ಒಂದು ಕೊನೆಯಿದೆ. ಆ ಕೊನೆಯಲ್ಲಿ ಒಂದು ಕೈಯಿದೆ.

ಅಕ್ಕನು ನೋಡುವುದು ಪರೀಕ್ಷೆಗೊಳಗಾದ ವಸ್ತುವಿನ ಕಡೆಯಿಂದ. ತೇಯ್ದ ನೋವಿಗೆ ಚಂದನವು ತನ್ನ ಪರಿಮಳವನ್ನು ಬಿಟ್ಟುಕೊಡುವುದಿಲ್ಲ. ಗಾಣದಲ್ಲಿ ನುರಿದ ಕಬ್ಬು ಸಿಹಿಯನ್ನು ತೊರೆಯುವುದಿಲ್ಲ. ಅದರ ಸ್ವಭಾವವೇ ಹಾಗೆ. ಅಂತೆಯೇ ಚೆನ್ನಮಲ್ಲಿಕಾರ್ಜುನನು ಏನು ಮಾಡಿದರೂ, ಕೊಂದರೂ ಕೂಡ, ಶರಣೆನ್ನುವುದನ್ನು ತಾನು ನಿಲ್ಲಿಸುವುದಿಲ್ಲವೆಂದು ಆಕೆ ಹೇಳುತ್ತಾಳೆ. ಎತ್ತಿಕೊಳ್ಳುವ ಕೈಯ ಮಾತು ಇಲ್ಲಿಲ್ಲ. ಪ್ರತಿಫಲದ ಭರವಸೆಯಿಲ್ಲ. ದಾಸಿಮಯ್ಯನ ವಚನವು ಭಕ್ತನಿಗೆ ಧೈರ್ಯವನ್ನು ಕೊಟ್ಟರೆ, ಅಕ್ಕನ ವಚನವು ಭಕ್ತನ ಸ್ವರೂಪವನ್ನೇ ತಿಳಿಸುತ್ತದೆ. ಕಷ್ಟವು ಇನ್ನೂ ಹೊಸದಾಗಿರುವಾಗ ಮೊದಲನೆಯದು ಆಸರೆಯಾಗುತ್ತದೆ. ಕಷ್ಟವು ಬಾಳಿನುದ್ದಕ್ಕೂ ನಿಂತುಬಿಟ್ಟವರಿಗೆ ಎರಡನೆಯದು ಬೇಕಾಗುತ್ತದೆ.

ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಂಟಿಯಾಗಿ ನಡೆದ ಹೆಣ್ಣಿನ ಅನುಭವದಿಂದ ಹೊಮ್ಮಿದ ಮಾತಿದು. ಅನ್ನ, ನೀರು, ಮಲಗುವ ತಾವುಗಳನ್ನು ಆಕೆ ದೇವರಲ್ಲಿ ಬೇಡಲಿಲ್ಲ. ಅವು ದಾರಿಯ ಊರುಗಳಲ್ಲಿ ಹೇಗೋ ಒದಗುತ್ತವೆ. ಆತ್ಮಕ್ಕೊಂದು ಜೊತೆ ಮಾತ್ರ ಅವನಿಂದಲೇ ದೊರೆಯಬೇಕೆಂದಳು. ಮತ್ತೊಂದು ವಚನದಲ್ಲಂತೂ ಆಕೆಯ ಬೇಡಿಕೆ ತಲೆಕೆಳಗಾಗಿದೆ. ಭಿಕ್ಷೆ ಸಿಗದಿರಲಿ, ಸಿಕ್ಕರೂ ತನ್ನ ಬಾಯಿಗೆ ಬಾರದೆ ಹೋಗಲಿ ಎಂದು ಬೇಡುವ ಆ ಪ್ರಾರ್ಥನೆಗೆ ಲೋಕದ ಪ್ರಾರ್ಥನಾಸಾಹಿತ್ಯದಲ್ಲಿ ಸಾಟಿ ವಿರಳ. ಕಳೆದುಕೊಳ್ಳುವ ಭಯವೇ ಸಂಕಟದ ಬೇರು; ಆ ಬೇರನ್ನೇ ಕೀಳಬೇಕೆಂಬುದು ಅದರ ಆಶಯ. ಇದು ಎಲ್ಲರಿಗೂ ಅನುಕರಣೀಯವಾದ ಪ್ರಾರ್ಥನೆಯಲ್ಲ. ಹಸಿದವನಿಗೆ ಈ ವಚನವನ್ನು ಬೋಧಿಸುವುದು ಅಕ್ಕನ ಅಭಿಪ್ರಾಯಕ್ಕೇ ವಿರುದ್ಧ. ಆಕೆ ಕೇಳಿದ್ದು ತನಗಾಗಿ ಮಾತ್ರ.

ನಂಬಿಕೆ ಮತ್ತು ಕಾಯಕ

ದೇವರನ್ನು ನಂಬಿದವನು ಕೈಕಟ್ಟಿ ಕುಳಿತುಕೊಳ್ಳಬೇಕೆಂಬ ಭಾವನೆಗೆ ಶರಣಧರ್ಮದಲ್ಲಿ ಅವಕಾಶವಿಲ್ಲ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿದಳು. ಈ ಕಥೆಯನ್ನು ಸಾಮಾನ್ಯವಾಗಿ ಅಪರಿಗ್ರಹಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಅದು ನಂಬಿಕೆಗೂ ನಿದರ್ಶನವಾಗಿದೆ. ನಾಳೆಗೆಂದು ಕೂಡಿಡುವುದರ ಹಿಂದೆ ನಾಳೆಯ ಬಗೆಗೆ ಅಪನಂಬಿಕೆಯಿದೆಯೆಂಬುದನ್ನು ಲಕ್ಕಮ್ಮ ಕಂಡುಕೊಂಡಿದ್ದಳು. ಬಡತನವನ್ನು ನಿವಾರಿಸೆಂದು ಆಕೆ ದೇವರನ್ನು ಬೇಡಲಿಲ್ಲ. ಬಡತನವು ತನ್ನ ಮನಸ್ಸನ್ನು ಬಡವಾಗಿಸದಂತೆ ನೋಡಿಕೊಂಡಳು. ಕಾಯಕದಲ್ಲಿ ತೊಡಗಿದ್ದಾಗ ಗುರುದರ್ಶನ, ಲಿಂಗಪೂಜೆಗಳನ್ನೂ ಮರೆಯಬೇಕೆಂಬ ನಿಲುವು ಮಾರಯ್ಯನ ವಚನದಲ್ಲಿದೆ.

ಇದರ ತಾತ್ಪರ್ಯವಿಷ್ಟು: ರೋಗ ಬಂದಾಗ ವೈದ್ಯನಲ್ಲಿಗೆ ಹೋಗುವುದೂ, ಬರ ಬಂದಾಗ ಕೆರೆಯ ಹೂಳೆತ್ತುವುದೂ, ನೆರೆಮನೆಯ ಹಸಿವಿಗೆ ತನ್ನ ತುತ್ತಿನಲ್ಲಿ ಪಾಲಿಡುವುದೂ ಪ್ರಾರ್ಥನೆಗೆ ವಿರೋಧವಲ್ಲ. ಅವು ಪ್ರಾರ್ಥನೆಯ ಮುಂದುವರಿಕೆಯೇ ಆಗಿವೆ. ಕಾಯಕ ದಾಸೋಹಗಳು ನಡೆಯುವ ಸಮಾಜದಲ್ಲಿ ಒಬ್ಬನ ಮೊರೆಗೆ ಇನ್ನೊಬ್ಬನ ಕೈ ಉತ್ತರವಾಗುತ್ತದೆ.

ಷಟ್‌ಸ್ಥಲದ ಬೆಳಕಿನಲ್ಲಿ

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಿದೆ. ಸಂಕಟಕಾಲದ ಪ್ರಾರ್ಥನೆಯನ್ನು ಈ ಸೋಪಾನಕ್ಕೆ ಹೊಂದಿಸಿ ನೋಡಿದರೆ ಅದರ ವಿಕಾಸವು ಸ್ಪಷ್ಟವಾಗುತ್ತದೆ. ಭಕ್ತಸ್ಥಲದಲ್ಲಿ ಶ್ರದ್ಧೆಯಿಂದ ಬೇಡುವುದುಂಟು. ಮಹೇಶಸ್ಥಲದಲ್ಲಿ ಬೇಡಿಕೆ ಉಳಿದರೂ ಅನ್ಯರನ್ನು ಬೇಡುವುದು ನಿಲ್ಲುತ್ತದೆ. ಪ್ರಸಾದಿಯು ಬಂದದ್ದನ್ನು ಪ್ರಸಾದವೆಂದು ಕೈಯೊಡ್ಡುತ್ತಾನೆ. ಸುಖದುಃಖಗಳನ್ನು ಆಯ್ದುಕೊಳ್ಳುವ ಚಪಲ ಅವನಲ್ಲಿ ಅಡಗುತ್ತದೆ. ಪ್ರಾಣಲಿಂಗಿಗೆ ಕೇಳಿಸಿಕೊಳ್ಳುವವನು ಹೊರಗಿಲ್ಲ, ತನ್ನ ಉಸಿರಿನಲ್ಲಿಯೇ ಇದ್ದಾನೆ. ಶರಣನಲ್ಲಿ ದುಃಖವು ಇದ್ದರೂ ಆನಂದವನ್ನು ಕದಡಲಾರದು. ಐಕ್ಯದಲ್ಲಿ ಬೇಡುವವನು, ಬೇಡಿಸಿಕೊಳ್ಳುವವನು ಎಂಬ ಎರಡಿಲ್ಲ.

ಆದರೆ ಮೇಲಿನ ಮೆಟ್ಟಿಲನ್ನು ತೋರಿಸಿ ಕೆಳಗಿನ ಮೆಟ್ಟಿಲಿನಲ್ಲಿರುವವನನ್ನು ಹೀಗಳೆಯುವುದು ಷಟ್‌ಸ್ಥಲದ ಉದ್ದೇಶವಲ್ಲ. ಬೇಡುವ ಶ್ರದ್ಧೆಯಿಲ್ಲದೆ ಬೇಡದಿರುವ ನಿಷ್ಪೃಹತೆ ಹುಟ್ಟುವುದಿಲ್ಲ. ಅಳುವ ಭಕ್ತನು ಆ ಸೋಪಾನದ ಮೇಲೆಯೇ ಇದ್ದಾನೆ.

ಕಲ್ಯಾಣದ ಮೌನ

ಶರಣರ ಈ ಸಿದ್ಧಾಂತವು ಒರೆಗಲ್ಲಿಗೆ ಬಂದದ್ದು ಅವರ ಕಾಲದಲ್ಲಿಯೇ. ಕ್ರಿ.ಶ. 1167ರ ಸುಮಾರಿಗೆ ಕಲ್ಯಾಣದಲ್ಲಿ ನಡೆದ ವಿಪ್ಲವವನ್ನು ಪುರಾಣಗಳೂ ಪರಂಪರೆಯೂ ವಿವರಿಸಿವೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡುದಕ್ಕಾಗಿ ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಬಿಜ್ಜಳನ ಕೊಲೆಯಾಯಿತು. ಬಸವಣ್ಣನವರು ಸಂಗಮಕ್ಕೆ ತೆರಳಿ ಐಕ್ಯರಾದರು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ವಚನಗಳ ಕಟ್ಟುಗಳೊಡನೆ ಉಳವಿಯ ಕಾಡಿನತ್ತ ಸಾಗಿದರು. ಅಂದು ಕಲ್ಯಾಣದಲ್ಲಿ ಮೊರೆಗಳಿಗೆ ಕೊರತೆಯಿರಲಿಲ್ಲ, ನಂಬಿಕೆಗೂ ಕೊರತೆಯಿರಲಿಲ್ಲ. ಹರಳಯ್ಯ ಮಧುವರಸರು ಉಳಿಯಲಿಲ್ಲ. ಬೇಡಿದ್ದು ದೊರೆಯದಿದ್ದರೆ ನಂಬಿಕೆ ಸಾಲದೆಂದು ಹೇಳುವವರು ಈ ಸನ್ನಿವೇಶದ ಮುಂದೆ ನಿಂತು ಆ ಮಾತನ್ನು ಆಡಲಾರರು.

ಇದನ್ನು ದೈವಸಂಕಲ್ಪವೆಂದು ಹೇಳಿ ಆ ನೋವನ್ನು ಅಳಿಸಿಬಿಡುವುದೂ ಯುಕ್ತವಲ್ಲ. ಆನೆಯ ಕಾಲಿಗೆ ಕಟ್ಟಲ್ಪಟ್ಟವರ ನೋವು ನೋವೇ. ಆದರೆ ಚದುರಿಹೋದ ಶರಣರು ಶರಣೆನ್ನುವುದನ್ನು ಬಿಡಲಿಲ್ಲವೆಂಬುದು ಇತಿಹಾಸದ ಸತ್ಯ. ಅವರು ಹೊತ್ತೊಯ್ದ ನುಡಿಗಳು ತಾಳೆಯೋಲೆಗಳಲ್ಲಿ ಶತಮಾನಗಳನ್ನು ದಾಟಿ, ಫ. ಗು. ಹಳಕಟ್ಟಿಯವರಂಥವರ ಕೈಸೇರಿ, 1923ರಲ್ಲಿ ಪ್ರಕಟವಾದ ‘ವಚನಶಾಸ್ತ್ರಸಾರ’ದ ಮೂಲಕ ಮತ್ತೆ ಲೋಕಕ್ಕೆ ದೊರೆತವು. ಅಕ್ಕನ ಚಂದನದ ಉಪಮೆ ಇಲ್ಲಿ ಚರಿತ್ರೆಯಾಗಿ ನಿಜವಾಯಿತು.

ಸಮೀಪಕಾಲದ ನಿದರ್ಶನವೊಂದನ್ನು ಗದುಗಿನಲ್ಲಿ ಕಾಣಬಹುದು. 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಬಾಲಕನ ಕಂಠವನ್ನು ಗುರುತಿಸಿ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಕರ್ನಾಟಕ ಮತ್ತು ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪರಿಣತರಾದ ಗವಾಯಿಗಳು ಅಂಧರೂ ಅನಾಥರೂ ಆದ ಮಕ್ಕಳನ್ನು ಕಲೆಹಾಕಿ, ಊರೂರು ಸುತ್ತಿ, ಅನ್ನ ಮತ್ತು ವಿದ್ಯೆಗಳನ್ನು ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ದಾಸೋಹವನ್ನು ನಡೆಸಿದರು. ಕಣ್ಣು ಬಂದಿತೆ ಇಲ್ಲವೆ ಎಂಬುದರಿಂದಲೇ ದೇವರ ಉತ್ತರವನ್ನು ಅಳೆಯುವುದಾದರೆ ಈ ಗುರುಶಿಷ್ಯರ ಬಾಳಿನಲ್ಲಿ ಉತ್ತರವೇ ಇಲ್ಲ. ಆದರೆ ಆ ಆಶ್ರಮದಲ್ಲಿ ಸ್ವರ ಹಚ್ಚಿದ ನೂರಾರು ಅಂಧಮಕ್ಕಳನ್ನು ಕೇಳಿದವರು ಹಾಗೆ ಹೇಳಲಾರರು.

ಉಪಸಂಹಾರ

ಶರಣರ ನಿಲುವಿನಿಂದ ಸಂಕಟಕಾಲದ ಪ್ರಾರ್ಥನೆಗೆ ದೊರೆಯುವ ಮಾರ್ಗದರ್ಶನವನ್ನು ಹೀಗೆ ಸಂಗ್ರಹಿಸಬಹುದು. ಕಷ್ಟದಲ್ಲಿ ಮೊರೆಯಿಡಲು ಸಂಕೋಚಪಡಬೇಕಾಗಿಲ್ಲ, ಬಸವಣ್ಣನವರೇ ಮೊರೆಯಿಟ್ಟಿದ್ದಾರೆ. ಮೊರೆಯನ್ನು ಕರಾರಾಗಿಸಬಾರದು, ಕರಾರು ಮುರಿದಾಗ ನಂಬಿಕೆಯೂ ಮುರಿಯುತ್ತದೆ. ದೇವರು ಓಗೊಡುವನೆಂಬುದನ್ನು ನಂಬಬೇಕು; ಉತ್ತರದ ರೂಪವನ್ನು ಅವನಿಗೇ ಬಿಡಬೇಕು. ಉತ್ತರಕ್ಕಾಗಿ ಕಾಯುವಾಗ ಕೈಯ ಕಾಯಕವನ್ನು ನಿಲ್ಲಿಸಬಾರದು.

ಕೊನೆಯದಾಗಿ, ಸಂತೈಸಲು ಹೋಗುವವರಿಗೂ ಶರಣರ ನಡೆಯಲ್ಲಿ ಒಂದು ಪಾಠವಿದೆ. ಮಗುವನ್ನು ಕಳೆದುಕೊಂಡವರ ಮನೆಯಲ್ಲಿ, ಬೆಳೆ ಒಣಗಿದ ರೈತನ ಅಂಗಳದಲ್ಲಿ ನಿಂತು ನಂಬಿಕೆ ಸಾಲದಾಯಿತೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಪರೀಕ್ಷೆಯ ಮಾತನ್ನು ದಾಸಿಮಯ್ಯನು ಆಡಿದ್ದು ಭಕ್ತನಾಗಿ, ಆ ಪರೀಕ್ಷೆಗೆ ತಾನೂ ಒಳಗಾದವನಾಗಿ. ದೂರದಲ್ಲಿ ನಿಂತು ತೀರ್ಪು ಕೊಡುವವನಾಗಿ ಅಲ್ಲ. ನೊಂದವರ ಬಳಿಗೆ ಹೋದವನು ಮೊದಲು ಮಾಡಬೇಕಾದದ್ದು ಅವರ ಕೂಗಿಗೆ ತಾನು ಓಗೊಡುವುದು. ದೇವರ ದನಿ ತಮಗೆ ಕೇಳಿಸಲಿಲ್ಲವೆಂದು ಅಳುವ ಎಷ್ಟೋ ಮಂದಿಗೆ ಅದು ಮೊದಲು ಕೇಳಿಬರುವುದು ಬಾಗಿಲಲ್ಲಿ ಬಂದು ನಿಂತ ಮನುಷ್ಯನ ದನಿಯಲ್ಲಿಯೇ.